ತಿರುಗುವ ಚಕ್ರದ ಹಿಂದಿನ ಕಥೆ

ಅಂದು ಪರೀಕ್ಷೆಯ ಫಲಿತಾಂಶ ಬರುವ ದಿನ. ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ ಹಳ್ಳಿಯಿಂದ ಬಂದ ತಂದೆ, ಪ್ರವೇಶಪತ್ರ ಹಿಡಿದ ಮಗಳು ಕಾಯುತ್ತ ನಿಂತಿದ್ದರು. ಗಣಕದ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ‘ಇನ್ನೂ ಎಷ್ಟೊತ್ತಪ್ಪಾ?’ ಎಂದರು ತಂದೆ. ‘ತಿರುಗ್ತಾ ಇದೆ ಯಜಮಾನ್ರೇ, ಸ್ವಲ್ಪ ತಡೀರಿ’ ಎಂದ ಅಂಗಡಿಯ ಹುಡುಗ. ಕೊನೆಗೆ ಅವನಿಗೇ ತಾಳ್ಮೆ ತಪ್ಪಿತು. ಗೂಗಲ್‌ನಲ್ಲಿ ಹುಡುಕಿ, ಮೇಲುಗಡೆ ಕಂಡ ಬೇರೊಂದು ತಾಣವನ್ನು ಒತ್ತಿದ. ಅದು ತಟ್ಟನೆ ತೆರೆದುಕೊಂಡಿತು. ಆದರೆ ಅಲ್ಲಿದ್ದುದು ಫಲಿತಾಂಶವಲ್ಲ. ಹೆಸರು, ಮೊಬೈಲ್ ಸಂಖ್ಯೆ ಕೇಳುವ ಒಂದು ಅರ್ಜಿ, ಅದರ ಸುತ್ತ ಕಾಲೇಜುಗಳ ಜಾಹೀರಾತು!

ವರದಿಗೆಂದು ಹೋಗಿದ್ದ ನನ್ನಲ್ಲಿ ಆಗ ಎರಡು ಪ್ರಶ್ನೆಗಳು ಎದ್ದವು. ಅಸಲಿ ತಾಣ ಅಷ್ಟು ನಿಧಾನವಾಗಿದ್ದುದೇಕೆ? ಆ ಇನ್ನೊಂದು ತಾಣವನ್ನು ಸಾಲಿನಲ್ಲಿ ಮುಂದೆ ನಿಲ್ಲಿಸಿದವರು ಯಾರು? ಕೇಳಲು ಇವು ಬೇರೆ ಬೇರೆ ಪ್ರಶ್ನೆಗಳು. ಆದರೆ ಕಳೆದ ಮೂರು ದಶಕಗಳಲ್ಲಿ ಇವೆರಡರ ಉತ್ತರಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಆ ಹೆಣಿಗೆಯ ಕಥೆ ಸ್ವಾರಸ್ಯಕರವಾಗಿದೆ.

ಓದುಗನ ಸಮಯ

ಕಥೆಯ ಬೇರು ಗಣಕಕ್ಕಿಂತ ಹಿಂದಿನದು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ರೂಪಿಸಿದರು. ಅವುಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದು. ಪುಸ್ತಕ ಇದ್ದರೆ ಸಾಲದು. ಅದು ಬೇಗ ಕೈಗೆ ಸಿಗಬೇಕು. ಕಪಾಟುಗಳ ಜೋಡಣೆ, ಸೂಚಿಯ ರಚನೆ, ಪುಸ್ತಕ ಕೊಡುವ ಕಿಟಕಿಯ ಕೆಲಸ, ಎಲ್ಲವೂ ಈ ಒಂದು ಸೂತ್ರಕ್ಕೆ ಬದ್ಧವಾಗಿರಬೇಕು ಎಂಬುದು ಅವರ ವಾದವಾಗಿತ್ತು. ಇದೇ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ.

ಅಂತರಜಾಲದ ಆರಂಭದ ಶೋಧಕರೂ ಗ್ರಂಥಪಾಲಕರ ದಾರಿಯನ್ನೇ ಹಿಡಿದಿದ್ದರು. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲನ್ ಎಮ್ಟೇಜ್ ರಚಿಸಿದ ‘ಆರ್ಚಿ’ ಕೇವಲ ಕಡತಗಳ ಹೆಸರಿನ ಪಟ್ಟಿ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಆರಂಭಿಸಿದ ಯಾಹೂ, ಮನುಷ್ಯರು ಕೂತು ವಿಷಯವಾರು ವಿಂಗಡಿಸಿದ ತಾಣಗಳ ಕೋಶ. ಪುಟಗಳು ಸಾವಿರಗಳಲ್ಲಿ ಇದ್ದಾಗ ಇದು ನಡೆಯಿತು. ಲಕ್ಷಗಳಾದಾಗ ಮನುಷ್ಯರ ಕೈಯಲ್ಲಿ ಆಗಲಿಲ್ಲ.

ಜೇಡ ಬಂತು, ಜಗಳ ತಂತು

ಆಗ ಬಂದವು ತೆವಳು ಯಂತ್ರಗಳು. ಒಂದು ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹೋಗುತ್ತ, ಸಿಕ್ಕಿದ್ದನ್ನೆಲ್ಲ ಓದಿ ಸೂಚಿಗೆ ಸೇರಿಸುವ ಕ್ರಮವಿಧಿಗಳು ಇವು. ಜಾಲದ ಮೇಲೆ ಓಡಾಡುವುದರಿಂದ ಇವಕ್ಕೆ ‘ಜೇಡ’ ಎಂಬ ಹೆಸರೂ ಬಂತು. 1994ರಲ್ಲಿ ವೆಬ್‌ಕ್ರಾಲರ್, ಲೈಕೋಸ್, 1995ರ ಡಿಸೆಂಬರ್‌ನಲ್ಲಿ ಆಲ್ಟಾವಿಸ್ಟಾ ಕಾಣಿಸಿಕೊಂಡವು.

ಆದರೆ ಜೇಡಗಳು ಮರ್ಯಾದೆ ಅರಿತ ಅತಿಥಿಗಳಾಗಿರಲಿಲ್ಲ. ಸಣ್ಣ ಗಣಕದಲ್ಲಿ ನಡೆಯುತ್ತಿದ್ದ ತಾಣಕ್ಕೆ ಒಮ್ಮೆಲೇ ನುಗ್ಗಿ ನೂರಾರು ಪುಟ ಕೇಳಿದರೆ ಆ ಗಣಕ ಸುಸ್ತಾಗಿ ಬೀಳುತ್ತಿತ್ತು. ಈ ಕಾಟಕ್ಕೆ ಪರಿಹಾರವಾಗಿ ಮಾರ್ಟೈನ್ ಕೋಸ್ಟರ್ ಎಂಬ ತಂತ್ರಜ್ಞ 1994ರಲ್ಲಿ ಒಂದು ಸರಳ ಉಪಾಯ ಸೂಚಿಸಿದರು. ಪ್ರತಿ ತಾಣದ ಬಾಗಿಲಲ್ಲೂ ‘ರೋಬಾಟ್ಸ್’ ಎಂಬ ಸಣ್ಣ ಕಡತ ಇಡುವುದು. ಯಾವ ಕೋಣೆಗೆ ಬರಬಹುದು, ಯಾವುದಕ್ಕೆ ಬರಬಾರದು ಎಂದು ಅದರಲ್ಲಿ ಬರೆಯುವುದು. ಇದಕ್ಕೆ ಕಾನೂನಿನ ಬಲವಿರಲಿಲ್ಲ. ಬರೀ ಪರಸ್ಪರ ಒಪ್ಪಂದದ ಮೇಲೆ ನಡೆದ ಈ ಪದ್ಧತಿಗೆ ವಿಧ್ಯುಕ್ತ ಮಾನದಂಡದ ಮನ್ನಣೆ ದೊರೆತದ್ದು 2022ರಲ್ಲಿ, ಅಂದರೆ 28 ವರ್ಷಗಳ ನಂತರ!

ವೇಗಕ್ಕೂ ಹುಡುಕಾಟಕ್ಕೂ ಮೊದಲ ನಂಟು ಬೆಳೆದದ್ದು ಇಲ್ಲಿಯೇ. ತಾಣ ಬೇಗ ಉತ್ತರ ಕೊಟ್ಟರೆ ಜೇಡ ಹೆಚ್ಚು ಪುಟ ಓದಿಕೊಂಡು ಹೋಗಬಹುದು. ತಡವರಿಸಿದರೆ ಅದು ತನ್ನ ಓಟವನ್ನು ತಗ್ಗಿಸುತ್ತದೆ. ಓದದ ಪುಟ ಸೂಚಿಗೆ ಸೇರುವುದಿಲ್ಲ. ಸೂಚಿಯಲ್ಲಿ ಇಲ್ಲದ್ದು ಹುಡುಕಿದವರಿಗೆ ಸಿಗುವುದಿಲ್ಲ. ಸಾವಿರಾರು ಪುಟಗಳ ದೊಡ್ಡ ತಾಣಗಳಿಗೆ ಇದು ಇಂದಿಗೂ ಅನ್ವಯಿಸುವ ಮಾತು.

ಚಾಪೆ ಮತ್ತು ರಂಗೋಲಿ

ಸೂಚಿ ಸಿದ್ಧವಾಯಿತು ಎನ್ನೋಣ. ಒಂದು ಪದಕ್ಕೆ ಹತ್ತು ಸಾವಿರ ಪುಟಗಳು ಸಿಕ್ಕರೆ ಯಾವುದನ್ನು ಮೊದಲು ತೋರಿಸುವುದು? ಆರಂಭದ ಯಂತ್ರಗಳು ಪುಟದಲ್ಲಿ ಆ ಪದ ಎಷ್ಟು ಸಲ, ಎಲ್ಲೆಲ್ಲಿ ಬಂದಿದೆ ಎಂಬುದನ್ನು ಮುಖ್ಯವಾಗಿ ನೋಡುತ್ತಿದ್ದವು. ತಾಣದವರು ಇದನ್ನು ಬೇಗ ಕಂಡುಕೊಂಡರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದಿಟ್ಟರು. ಓದುಗನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ! ಯಂತ್ರ ಚಾಪೆಯ ಕೆಳಗೆ ನುಸುಳಿದರೆ ತಾಣದವರು ರಂಗೋಲಿಯ ಕೆಳಗೆ ನುಸುಳಿದರು.

ಈ ಆಟವನ್ನು ಬದಲಿಸಿದವರು ಸ್ಟ್ಯಾನ್‌ಫರ್ಡಿನ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್. ವಿದ್ವತ್ ಲೋಕದಲ್ಲಿ ಒಂದು ಪ್ರಬಂಧದ ತೂಕವನ್ನು, ಅದನ್ನು ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆ ಎಂಬುದರಿಂದ ಅಳೆಯುವ ರೂಢಿಯಿದೆ. ಪುಟಕ್ಕೆ ಬರುವ ಕೊಂಡಿಯನ್ನೂ ಹೀಗೇ ಒಂದು ಸಾಕ್ಷಿ ಎಂದು ಎಣಿಸಿದರೆ ಹೇಗೆ? ಜೊತೆಗೆ, ದೊಡ್ಡವರ ಸಾಕ್ಷಿಗೆ ದೊಡ್ಡ ಬೆಲೆ. ಪೇಜ್‌ರ‍್ಯಾಂಕ್ ಎಂದು ಹೆಸರಾದ ಈ ಲೆಕ್ಕಾಚಾರವನ್ನು ಬಳಸಿದ ತಮ್ಮ ಯಂತ್ರವನ್ನು ಅವರು 1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಸಮ್ಮೇಳನದ ಪ್ರಬಂಧದಲ್ಲಿ ವಿವರಿಸಿದರು. ಆಗ ಆ ಯಂತ್ರ ಓದಿದ್ದುದು 2 ಕೋಟಿ 40 ಲಕ್ಷ ಪುಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೂಗಲ್ ಕಂಪನಿ ಸ್ಥಾಪನೆಯಾಯಿತು.

ಕಾಯುವ ಜಾಲ

ಹುಡುಕುವ ಕಥೆ ಹೀಗೆ ಸಾಗಿದ್ದಾಗ ಇತ್ತ ಕಾಯುವ ಕಥೆ ಬೆಳೆಯುತ್ತಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮನೆಯ ದೂರವಾಣಿ ತಂತಿಗೆ ಮೋಡೆಮ್ ಸಿಕ್ಕಿಸಿದರೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೊಬಿಟ್. ಅಂದರೆ ಸೆಕೆಂಡಿಗೆ ಸುಮಾರು 1,200 ರೋಮನ್ ಅಕ್ಷರಗಳು. 60 ಕಿಲೊಬೈಟಿನ ಒಂದು ಸಣ್ಣ ಭಾವಚಿತ್ರ ಪೂರ್ತಿ ಮೂಡಲು 50 ಸೆಕೆಂಡು ಬೇಕಿತ್ತು. ಇಂದು ಸಾಮಾನ್ಯವಾಗಿರುವ 2 ಮೆಗಾಬೈಟಿನ ಪುಟ ಆ ತಂತಿಯಲ್ಲಿ ಇಳಿದಿದ್ದರೆ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತಿತ್ತು! ‘ವಿಶ್ವವ್ಯಾಪಿ ಜಾಲ’ವನ್ನು ಜನ ‘ವಿಶ್ವವ್ಯಾಪಿ ಕಾಯುವಿಕೆ’ ಎಂದು ಗೇಲಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ.

ಜಾಲದ ಜನಕ ಟಿಮ್ ಬರ್ನರ್ಸ್-ಲೀ ಈ ದಟ್ಟಣೆಯನ್ನು ಮೊದಲೇ ಊಹಿಸಿದ್ದರು. ಅಮೆರಿಕದ ಎಂಐಟಿಯಲ್ಲಿದ್ದ ಅವರು 1995ರ ಸುಮಾರಿಗೆ ತಮ್ಮ ಸಹೋದ್ಯೋಗಿಗಳ ಮುಂದೆ ಇದನ್ನೊಂದು ಸವಾಲಾಗಿ ಇಟ್ಟರು. ಗಣಿತದ ಪ್ರಾಧ್ಯಾಪಕ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯೆಲ್ ಲೆವಿನ್ ಅದನ್ನು ಕೈಗೆತ್ತಿಕೊಂಡರು. ಅವರು ಕಂಡುಕೊಂಡ ಪರಿಹಾರವನ್ನು ನಮ್ಮ ಹಾಲಿನ ಬೂತಿನ ಉದಾಹರಣೆಯಿಂದ ತಿಳಿಯಬಹುದು. ನಗರದ ಪ್ರತಿಯೊಬ್ಬರೂ ಬೆಳಿಗ್ಗೆ ಡೇರಿಗೇ ಹೋಗಿ ನಿಂತರೆ ಗತಿಯೇನು? ಅದಕ್ಕೇ ಬೀದಿಬೀದಿಗೆ ಬೂತು. ಹಾಗೆಯೇ ಪುಟದ ನಕಲುಗಳನ್ನು ಜಗತ್ತಿನ ಹಲವೆಡೆ ಗಣಕಗಳಲ್ಲಿ ಇಟ್ಟು, ಓದುಗನಿಗೆ ಹತ್ತಿರವಾದ ಕಡೆಯಿಂದ ಕೊಡುವುದು. ಯಾವ ನಕಲು ಯಾವ ಬೂತಿನಲ್ಲಿರಬೇಕು ಎಂದು ಗೊಂದಲವಿಲ್ಲದೆ ಹಂಚುವ ಗಣಿತವೇ ಅವರ ಸಾಧನೆ. 1998ರಲ್ಲಿ ಅವರು ಅಕಮೈ ಎಂಬ ಕಂಪನಿ ಕಟ್ಟಿದರು.

ಕಥೆಯ ಈ ಅಧ್ಯಾಯ ದುಃಖದಲ್ಲಿ ಮುಗಿಯುತ್ತದೆ. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಅಪಹರಿಸಿ ನ್ಯೂಯಾರ್ಕಿನ ಅವಳಿ ಗೋಪುರಕ್ಕೆ ಅಪ್ಪಳಿಸಿದ ಮೊದಲ ವಿಮಾನದಲ್ಲಿ ಲೆವಿನ್ ಇದ್ದರು. ಆಗ ಅವರಿಗೆ 31 ವರ್ಷ. ಆ ದಿನ ಜಗತ್ತೆಲ್ಲ ಸುದ್ದಿ ತಾಣಗಳಿಗೆ ಮುಗಿಬಿದ್ದಾಗ ಆ ಒತ್ತಡವನ್ನು ತಡೆದು ನಿಲ್ಲಿಸಿದವುಗಳಲ್ಲಿ ಅವರೇ ಕಟ್ಟಿದ ಜಾಲವೂ ಒಂದು.

ಬೂತು ಏಕೆ ಬೇಕು ಎಂಬುದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ಅಳೆದರೆ 13 ಸಾವಿರ ಕಿ.ಮೀ.ಗೂ ಹೆಚ್ಚು. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡು. ಪುಟದ ಮೊದಲ ಅಕ್ಷರ ಬರುವ ಮುನ್ನ ಎರಡೂ ಗಣಕಗಳು ಪರಿಚಯ ಮಾಡಿಕೊಳ್ಳಲು ಒಂದು ಸುತ್ತು, ಗುಟ್ಟಿನ ಬೀಗ ಹಾಕಿಕೊಳ್ಳಲು ಒಂದೆರಡು ಸುತ್ತು, ಪುಟ ಕೇಳಲು ಇನ್ನೊಂದು ಸುತ್ತು ಬೇಕು. ಹೀಗೆ ಅರ್ಧ ಸೆಕೆಂಡು ದಾರಿಯಲ್ಲೇ ಕಳೆದುಹೋಗುತ್ತದೆ. ಎಷ್ಟು ದುಡ್ಡು ಸುರಿದರೂ ಬೆಳಕನ್ನು ಓಡಿಸಲು ಆಗದು. ದೂರವನ್ನು ಕಡಿಮೆ ಮಾಡಬಹುದು ಅಷ್ಟೆ.

ಗಡಿಯಾರ ಹಿಡಿದವರು

ಮನುಷ್ಯ ಎಷ್ಟು ಹೊತ್ತು ಕಾಯಬಲ್ಲ? 1968ರಲ್ಲೇ ಐಬಿಎಂನ ರಾಬರ್ಟ್ ಮಿಲ್ಲರ್ ಈ ಬಗ್ಗೆ ಬರೆದಿದ್ದರು. 1993ರಲ್ಲಿ ಜಾಕೊಬ್ ನೀಲ್ಸನ್ ಅದನ್ನು ಮೂರು ಅಂಕಿಗಳಲ್ಲಿ ಹೇಳಿದರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆದಂತೆ ಅನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ.

2007ರಲ್ಲಿ ಯಾಹೂ ಸಂಸ್ಥೆಯ ಸ್ಟೀವ್ ಸೌಡರ್ಸ್ ಇನ್ನೊಂದು ಭ್ರಮೆಯನ್ನು ಒಡೆದರು. ತಾಣ ನಿಧಾನವಾದರೆ ಎಲ್ಲರೂ ದೂರದ ದೊಡ್ಡ ಗಣಕವನ್ನು ಬೈಯುತ್ತಿದ್ದರು. ಓದುಗ ಕಾಯುವ ಹೊತ್ತಿನಲ್ಲಿ ನೂರಕ್ಕೆ 80ರಿಂದ 90 ಪಾಲು ಹೋಗುವುದು ಪುಟದ ಮೂಲ ಬರಹ ತಲುಪಿದ ನಂತರ, ಚಿತ್ರ, ಅಲಂಕಾರ, ಕ್ರಮವಿಧಿಗಳನ್ನು ತರಿಸಿ ಜೋಡಿಸುವುದರಲ್ಲಿ ಎಂದು ಅವರು ತೋರಿಸಿದರು. ಮದುವೆ ಮನೆಯಲ್ಲಿ ಊಟ ಸಿದ್ಧವಿದ್ದರೂ ಮಂಟಪದ ಶೃಂಗಾರ ಮುಗಿಯದೆ ಪಂಕ್ತಿ ಕೂರಿಸದಂತೆ!

2009ರಲ್ಲಿ ಗೂಗಲ್ ತನ್ನ ಮೇಲೆಯೇ ಒಂದು ಪ್ರಯೋಗ ಮಾಡಿತು. ಕೆಲವರಿಗೆ ಮಾತ್ರ ಫಲಿತಾಂಶವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡು ತಡಮಾಡಿ ಕೊಟ್ಟಿತು. ಕಣ್ಣು ಮಿಟುಕಿಸುವಷ್ಟು ಸಮಯವದು. ಆದರೂ ಅವರ ಹುಡುಕಾಟ ಶೇ 0.2ರಿಂದ 0.6ರಷ್ಟು ಇಳಿಯಿತು. ವಿಳಂಬವನ್ನು ತೆಗೆದ ನಂತರವೂ, ಹೆಚ್ಚು ಕಾದವರ ಹುಡುಕಾಟ ಕೂಡಲೇ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಓದುಗ ದೂರು ಕೊಡುವುದಿಲ್ಲ, ಸುಮ್ಮನೆ ಕಡಿಮೆ ಬರುತ್ತಾನೆ.

2010ರ ಏಪ್ರಿಲ್ 9ರಂದು ಎರಡು ಕಥೆಗಳೂ ಒಂದಾದವು. ತಾಣದ ವೇಗವನ್ನೂ ಸ್ಥಾನ ನಿರ್ಣಯಕ್ಕೆ ಪರಿಗಣಿಸುವುದಾಗಿ ಗೂಗಲ್ ಅಂದು ಪ್ರಕಟಿಸಿತು. ಪ್ರಕಟಣೆಗೆ ಹೆಸರು ಹಾಕಿದ ಇಬ್ಬರಲ್ಲಿ ಒಬ್ಬರು ರೂರ್ಕಿಯಲ್ಲಿ ಓದಿದ ಅಮಿತ್ ಸಿಂಘಾಲ್, ಇನ್ನೊಬ್ಬರು ಮ್ಯಾಟ್ ಕಟ್ಸ್. ನೂರರಲ್ಲಿ ಒಂದಕ್ಕಿಂತ ಕಡಿಮೆ ಹುಡುಕಾಟಗಳಿಗೆ ಮಾತ್ರ ಇದರ ಪರಿಣಾಮ ತಟ್ಟುತ್ತದೆ, ವಿಷಯದ ಸಾಂಗತ್ಯವೇ ಮುಖ್ಯ ಎಂದೂ ಅವರು ಹೇಳಿದ್ದರು. ಆ ಎರಡನೆಯ ಮಾತು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ವೇಗ ಹೆಚ್ಚಿಸಿಕೊಡುತ್ತೇವೆ, ಮೊದಲ ಸ್ಥಾನಕ್ಕೆ ತರುತ್ತೇವೆ ಎಂಬ ಹೊಸ ಕಸುಬೇ ಬೆಳೆಯಿತು.

ನಿಯಮಗಳೂ ಒಂದರ ಹಿಂದೆ ಒಂದು ಬಂದವು. 2014ರಲ್ಲಿ ಗುಟ್ಟಿನ ಬೀಗವಿರುವ ತಾಣಗಳಿಗೆ ತುಸು ಆದ್ಯತೆ. 2015ರಲ್ಲಿ ಮೊಬೈಲಿಗೆ ಹೊಂದುವ ಪುಟಗಳಿಗೆ ಆದ್ಯತೆ. 2018ರ ಜುಲೈನಿಂದ ಮೊಬೈಲ್ ಹುಡುಕಾಟಕ್ಕೂ ವೇಗದ ಲೆಕ್ಕ. 2021ರಲ್ಲಿ ಜಾರಿಗೆ ಬಂದದ್ದು ಮೂರು ಅಳತೆಗೋಲುಗಳ ಪದ್ಧತಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಬೆರಳು ಒತ್ತಿದರೆ ತಡವಿಲ್ಲದೆ ಸ್ಪಂದಿಸಬೇಕು. 2024ರ ಮಾರ್ಚ್‌ನಿಂದ ಇದರ ಮಿತಿ 200 ಮಿಲಿಸೆಕೆಂಡು. ಮೂರನೆಯದು, ಓದುತ್ತಿರುವಾಗ ಸಾಲುಗಳು ಜಿಗಿಯಬಾರದು. ಸುದ್ದಿ ಒತ್ತಲು ಹೋದಾಗ ಮೇಲೊಂದು ಜಾಹೀರಾತು ಇಳಿದು, ಬೆರಳು ಅದರ ಮೇಲೆ ಬೀಳುವ ಅನುಭವ ಯಾರಿಗಿಲ್ಲ?

ಈ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ಅದು ಪ್ರಯೋಗಾಲಯದಲ್ಲಿ ನಡೆಯುವುದಲ್ಲ. ನಿಜವಾದ ಓದುಗರ ಫೋನುಗಳಿಂದ ಬರುವುದು. ನೂರು ಭೇಟಿಗಳಲ್ಲಿ 75 ಈ ಮಿತಿಯೊಳಗಿರಬೇಕು. ಹೀಗಾಗಿ ಒಂದೇ ತೂಕದ ಪುಟ ನಗರದ ದುಬಾರಿ ಫೋನಿನಲ್ಲಿ ಪಾಸಾಗಿ, ಅಗ್ಗದ ಫೋನು, ಕ್ಷೀಣ ಸಂಕೇತವಿರುವ ಹಳ್ಳಿಯಲ್ಲಿ ನಪಾಸಾಗಬಹುದು. ಹಳ್ಳಿಯ ಓದುಗರನ್ನು ನೆಚ್ಚಿದ ತಾಣ ಹೆಚ್ಚು ಹಗುರವಾಗಿರಲೇಬೇಕು.

ಕನ್ನಡದ ತೊಡಕು

ವೇಗಕ್ಕಿಂತ ಮೊದಲಿನ ಒಂದು ತೊಡಕು ಕನ್ನಡಕ್ಕಿತ್ತು. 1990ರ ದಶಕದ ಕೊನೆಯಲ್ಲಿ ಕನ್ನಡ ಜಾಲಕ್ಕೆ ಕಾಲಿಟ್ಟಾಗ ಪುಟಗಳು ತಮ್ಮದೇ ಫಾಂಟುಗಳಲ್ಲಿ ಇರುತ್ತಿದ್ದವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದ ಫಾಂಟುಗಳವು. ಒಬ್ಬೊಬ್ಬರ ಜೋಡಣೆ ಒಂದೊಂದು ಬಗೆ. ಕಣ್ಣಿಗೆ ಅದು ಕನ್ನಡ; ಶೋಧ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಪದ ಕೊಟ್ಟು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಎಷ್ಟು ಒಳ್ಳೆಯ ಬರಹಗಳು ಹೀಗೆ ಇದ್ದೂ ಇಲ್ಲದಂತಾದವು!

ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಗಣಕಗಳು, ಕಚೇರಿಗಳು, ಪತ್ರಿಕೆಗಳು ಅದಕ್ಕೆ ಒಗ್ಗಿಕೊಳ್ಳಲು ಬಹಳ ವರ್ಷ ಹಿಡಿಯಿತು. ಯೂನಿಕೋಡಿಗೆ ಬಂದ ಮೇಲೆಯೇ ಕನ್ನಡದ ಬರಹ ಹುಡುಕಲು ಸಿಗುವಂತಾಯಿತು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದೇ ಸಾಕು. ‘ಕನ್ನಡ’ ಎಂದು ಬರೆಯಲು 15 ಬೈಟ್. ಇದರಿಂದ ಪುಟ ಭಾರವಾಗುತ್ತದೆಯೇ ಎಂದರೆ, ಇಲ್ಲ. ಈ ಲೇಖನದಷ್ಟು ಬರಹವೆಲ್ಲ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು ತೂಗುವುದಿಲ್ಲ. ಭಾರ ಇರುವುದು ಕುಗ್ಗಿಸದ ಚಿತ್ರಗಳಲ್ಲಿ, ಬೇಡದ ಕ್ರಮವಿಧಿಗಳಲ್ಲಿ, ಒತ್ತಕ್ಷರಗಳೆಲ್ಲವನ್ನೂ ಹೊತ್ತು ಬರುವ ಫಾಂಟಿನ ಕಡತದಲ್ಲಿ.

ಆದೇಶವನ್ನು ಬರಹವಾಗಿ ಹಾಕದೆ ಕಾಗದದ ಚಿತ್ರ ತೆಗೆದು ತಾಣಕ್ಕೆ ಏರಿಸುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಇನ್ನೂ ಹೋಗಿಲ್ಲ. ಕಳೆದ ಮಳೆಗಾಲದಲ್ಲಿ ಬೆಳೆ ಪರಿಹಾರದ ಒಂದು ಸುತ್ತೋಲೆ ಹುಡುಕುತ್ತ ನಾನು ಒಂದು ಕಚೇರಿಯ ತಾಣದಲ್ಲಿ ಅರ್ಧ ದಿನ ಕಳೆದೆ. ಸಿಕ್ಕಿದ್ದು ಓರೆಯಾಗಿ ಸ್ಕ್ಯಾನ್ ಮಾಡಿದ, ಹಲವು ಮೆಗಾಬೈಟಿನ ಕಡತ. ರೈತರು ಅದನ್ನು ಹುಡುಕಿ ಓದುವುದು ಯಾವಾಗ?

ಮೊದಲು ಬಂದದ್ದು ಸತ್ಯವೇ?

2021ರ ಜೂನ್ ಆರಂಭದಲ್ಲಿ ನಡೆದದ್ದು ಕನ್ನಡಿಗರಿಗೆ ನೆನಪಿರಬಹುದು. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಎಲ್ಲಕ್ಕಿಂತ ಮೇಲೆ, ಚೌಕಟ್ಟು ಹಾಕಿ, ‘ಕನ್ನಡ’ ಎಂದು ತೋರಿಸಿತು. ಭಾಷಾಶಾಸ್ತ್ರಕ್ಕೂ ತನಗೂ ಸಂಬಂಧವಿಲ್ಲದ ಯಾವುದೋ ತಾಣದ ಸಾಲನ್ನು ಯಂತ್ರ ಎತ್ತಿ ಶಿಖರಕ್ಕೇರಿಸಿತ್ತು. ನಾಡೆಲ್ಲ ಸಿಡಿದೆದ್ದಿತು. ಗೂಗಲ್ ಕ್ಷಮೆ ಕೇಳಿ ತೆಗೆದುಹಾಕಿತು. ಯಂತ್ರ ಅಳೆಯುವುದು ಸಾಕ್ಷಿಯನ್ನು, ಸಾಂಗತ್ಯವನ್ನು, ವೇಗವನ್ನು. ಸತ್ಯವನ್ನು ನೇರವಾಗಿ ಅಳೆಯಲು ಅದಕ್ಕೆ ಬಾರದು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಸರದಿಯ ಯಜಮಾನಿಕೆಯ ಪ್ರಶ್ನೆಯೂ ಇದೆ. 2016ರಲ್ಲಿ ಗೂಗಲ್ ಸುದ್ದಿ ಪುಟಗಳಿಗೆ ‘ಎಎಂಪಿ’ ಎಂಬ ಹಗುರ ಮಾದರಿಯನ್ನು ತಂದಿತು. ಪುಟಗಳು ನಿಜಕ್ಕೂ ವೇಗವಾದವು. ಆದರೆ ಮೊಬೈಲಿನಲ್ಲಿ ಮೇಲಿನ ಸುದ್ದಿ ಸಾಲಿನಲ್ಲಿ ಕಾಣಿಸಿಕೊಳ್ಳಲು ಪತ್ರಿಕೆಗಳು ಆ ಮಾದರಿಗೇ ಒಗ್ಗಬೇಕಾಯಿತು. ಈ ಷರತ್ತು ತೆರವಾದದ್ದು 2021ರಲ್ಲಿ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಶೋಧ ಕ್ಷೇತ್ರದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತಿತು. ನಿಯಮ ಒಳ್ಳೆಯದೇ ಇರಬಹುದು. ಬರೆಯುವವನು ಒಬ್ಬನೇ ಆದಾಗ ಉಳಿದವರು ಕುಣಿಯಬೇಕಾಗುತ್ತದೆ.

ಹಾಗೆಂದು ವೇಗವನ್ನು ವ್ಯಾಪಾರಿಗಳ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ಆ ಸೈಬರ್ ಸೆಂಟರಿನಲ್ಲಿ ಆದದ್ದನ್ನು ಮತ್ತೆ ನೆನೆಯಿರಿ. ಅಸಲಿ ತಾಣದ ಬಳಿ ಸತ್ಯವಿತ್ತು, ವೇಗವಿರಲಿಲ್ಲ. ಇನ್ನೊಂದರ ಬಳಿ ವೇಗವಿತ್ತು, ಸತ್ಯವಿರಲಿಲ್ಲ. ಸತ್ಯ ಹೇಳುವವನು ತಡಮಾಡಿದರೆ ಆ ಜಾಗದಲ್ಲಿ ಬೇರೆಯವನು ಬಂದು ಕೂರುತ್ತಾನೆ. ಚಿತ್ರ ಕುಗ್ಗಿಸುವುದು, ನಕಲುಗಳನ್ನು ಹತ್ತಿರ ಇಡುವುದು, ಬೇಡದ್ದನ್ನು ಕಿತ್ತುಹಾಕುವುದು, ಆದೇಶವನ್ನು ಯೂನಿಕೋಡ್ ಬರಹವಾಗಿ ಹಾಕುವುದು, ಇವಾವುವೂ ಕೋಟಿಗಟ್ಟಲೆ ಖರ್ಚಿನ ಕೆಲಸಗಳಲ್ಲ.

ಆ ಹುಡುಗಿಯ ಫಲಿತಾಂಶ ಕೊನೆಗೂ ತೆರೆದುಕೊಂಡಿತು, ಅಸಲಿ ತಾಣದಲ್ಲಿಯೇ. ಅಷ್ಟು ಹೊತ್ತಿಗೆ ಅವರು ಹಿಡಿಯಬೇಕಿದ್ದ ಊರಿನ ಬಸ್ಸು ಹೊರಟುಹೋಗಿತ್ತು. ಓದುಗನ ಸಮಯ ಉಳಿಸಬೇಕೆಂದು 1931ರಲ್ಲಿ ರಂಗನಾಥನ್ ಹೇಳಿದ್ದು ಇಂಥವರನ್ನು ಕುರಿತೇ ಇರಬೇಕು.